ಮೊಳದಗಲದ ಸಿಂಹಾಸನ

ಗೋಕುಲಾಷ್ಟಮಿ ಕಳೆದ ಮೇಲೆ ಒಂದು ದಿನ ಕೊರಿಯರ್‌ನವನು ತಂದಿಳಿಸಿದ ಪೆಟ್ಟಿಗೆಯನ್ನು ನೋಡಿ, ಒಳಗೆ ಮಿಕ್ಸಿಯೋ ಕುಕ್ಕರೋ ಇರಬೇಕು ಅಂದುಕೊಂಡಳು ಹುಲಿಗೆಮ್ಮ. ಮನೆಯ ಮುಂದೆಯೇ ಗಂಡ ಮೂಡಲಗಿರಿಯಪ್ಪನ ಹಿಟ್ಟಿನ ಗಿರಣಿ. ಅಲ್ಲಿ ರಾಗಿ ಬೀಸಿಸಲು ನಿಂತಿದ್ದ ಹೆಂಗಸರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಸೊಸೆ ಅನುಪಮಾ ಯಾರ ಕಡೆಗೂ ತಿರುಗದೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಳಗೆ ಹೋಗಿ, ನಡುಮನೆಯಲ್ಲಿ ಕೂತು, ಚಾಕುವಿನಿಂದ ಮೆಲ್ಲಗೆ ಸೀಳಿದಳು. ಹೊರಗೆ ಬಂದದ್ದು ಸಿಂಹಾಸನ. ಕೆಂಪು ಮಖಮಲ್ಲು, ಅಂಚಿಗೆ ಜರಿ ಲೇಸು, ಬೆನ್ನಿಗೆ ಗರಿ ಬಿಚ್ಚಿದ ನವಿಲಿನಂತೆ ಕೊರೆದ ಹಲಗೆ, ಹಲಗೆಯ ತುಂಬ ಕನ್ನಡಿ ಚೂರು. ಜೊತೆಗೆ ಎರಡು ಪುಟಾಣಿ ಲೋಡು, ಒಂದು ದಿಂಬು, ಮೇಲೆ ಸಿಕ್ಕಿಸಲು ಒಂದು ಛತ್ರಿ.

"ನಿನ್ನ ಕೃಷ್ಣ ಅಂಗೈಯಷ್ಟಿಲ್ಲ. ಮೊಳದಗಲ ಸಿಂಹಾಸನ ಯಾಕೆ ತರ್ಸಿದ್ದೀಯ?" ಎಂದಳು ಹುಲಿಗೆಮ್ಮ.

"ಹೊರಳಾಡೋಕೆ ಜಾಗ ಬೇಕಲ್ಲ ಅತ್ತೆ."

ಹುಲಿಗೆಮ್ಮ ನಕ್ಕುಬಿಟ್ಟಳು. ಸೊಸೆ ಹೀಗೆ ಮಾತಿಗೆ ಮಾತು ಕೊಟ್ಟು ಎಷ್ಟೋ ದಿನವಾಗಿತ್ತು. ಸಿಂಹಾಸನವಾದರೂ ಬರಲಿ, ರಥವಾದರೂ ಬರಲಿ, ಇವಳು ಎದ್ದು ಓಡಾಡಿದರೆ ಸಾಕು ಅನ್ನಿಸಿತ್ತು ಆಗ.

ಆ ಬೇಸಿಗೆಯಲ್ಲಿ ಅನುಪಮಾಳ ಹೊಟ್ಟೆಯಲ್ಲಿ ಎಂಟು ತಿಂಗಳು ತುಂಬಿದ ಗಂಡುಮಗು ಒಳಗೇ ತೀರಿಹೋಗಿತ್ತು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋದಾಗ ರಕ್ತ ನಿಲ್ಲಲಿಲ್ಲ. ತಾಯಿಯ ಜೀವ ಉಳಿಯಬೇಕಾದರೆ ಗರ್ಭಕೋಶ ತೆಗೆಯಲೇಬೇಕು ಎಂದರು ಡಾಕ್ಟರು. ತೆಗೆದರು, ಜೀವ ಉಳಿಯಿತು. ಮಗುವನ್ನು ಮಾತ್ರ ಅವಳಿಗೆ ತೋರಿಸಲಿಲ್ಲ. "ಮುಖ ನೋಡಿದ್ರೆ ಮರೆಯೋದು ಕಷ್ಟ, ಬ್ಯಾಡ" ಎಂದು ತೀರ್ಮಾನ ಮಾಡಿದವಳು ಹುಲಿಗೆಮ್ಮನೇ. ಮಗ ಮಾರುತಿಯೂ ಅವನಪ್ಪನೂ ಹೋಗಿ ಮಣ್ಣು ಮಾಡಿ ಬಂದರು.

ಹಿರಿಯೂರಿಗೆ ಮರಳಿದ ಅನುಪಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ನರ್ಸರಿ ಶಾಲೆಯಲ್ಲಿ ಮಿಸ್ ಆಗಿದ್ದವಳು. ಶಾಲೆಯವರು ಎರಡು ಸಲ ಫೋನ್ ಮಾಡಿ ಸುಮ್ಮನಾದರು. ಹುಲಿಗೆಮ್ಮ ಅವಳ ತಲೆ ಬಾಚಿದಳು, ಗಂಜಿ ಕುಡಿಸಿದಳು, ಬಚ್ಚಲಿಗೆ ಕೈಹಿಡಿದು ನಡೆಸಿದಳು. ಹೆತ್ತ ಮಗಳಿಗೆ ಮಾಡುವುದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದಳು. ಅವಳ ಪಾಡು ನೋಡಲಾರದೆ ಪಕ್ಕದ ಮನೆಯ ಚಂದ್ರಕ್ಕ ಒಂದು ದಿನ ಹೇಳಿದಳು: "ಹುಲಿಗೆಮ್ಮಕ್ಕ, ಒಂದು ಅಂಬೆಗಾಲು ಕೃಷ್ಣನ್ನ ತಂದು ಅವಳ ಮಡ್ಲಿಗೆ ಹಾಕು. ಮನಸ್ಸು ನಿಲ್ಲಾಕೆ ಒಂದು ಜಾಗ ಆಗ್ತೈತೆ."

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹುಲಿಗೆಮ್ಮ ಚಿತ್ರದುರ್ಗದ ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆಯ ಕೃಷ್ಣನನ್ನು ಕೊಂಡಳು. ಬಸ್ಸಿನಲ್ಲಿ ಸೊಸೆಯ ಮಡಿಲಿಗಿಟ್ಟಳು. ಅನುಪಮಾ ಅದನ್ನು ಸುಮ್ಮನೆ ನೋಡಿದಳು. ಹಿರಿಯೂರು ಹತ್ತಿರ ಬರುವಷ್ಟರಲ್ಲಿ ಕಿಟಕಿಯ ಗಾಳಿ ತಾಕದ ಹಾಗೆ ಸೆರಗು ಮುಚ್ಚಿ, ಮೇಲೆ ಕೈ ಇಟ್ಟುಕೊಂಡಿದ್ದಳು.

ಮಾರನೆಯ ದಿನ ಅವಳೇ ಎದ್ದಳು. ಸ್ನಾನ ಮಾಡಿ, ಕೃಷ್ಣನಿಗೂ ಸ್ನಾನ ಮಾಡಿಸಿದಳು. ಹಳೇ ಕುಪ್ಪಸ ಕತ್ತರಿಸಿ ಅವನಿಗೆ ಅಂಗಿ ಹೊಲಿದಳು. ಮೊಬೈಲಿನಲ್ಲಿ ಯಾವ್ಯಾವುದೋ ಊರಿನ ಹೆಂಗಸರು ತಮ್ಮ ಕೃಷ್ಣಂದಿರಿಗೆ ಎಣ್ಣೆ ಹಚ್ಚುವುದು, ಜೋಗುಳ ಹಾಡುವುದು ನೋಡಿ ಕಲಿತಳು. ಸಿಂಹಾಸನ ಬಂದ ಮೇಲಂತೂ ಅವಳ ಕೋಣೆಯ ಮೇಜಿನ ಮೇಲೆ ಅವನದ್ದೇ ದರಬಾರು. ಬೀದಿಯ ಹೆಂಗಸರು ಬಂದು ನೋಡಿ, ಕೈಮುಗಿದು, ಫೋಟೋ ತೆಗೆದುಕೊಂಡು ಹೋದರು. ಮಾರುತಿ ಹೆಂಡತಿಯ ಮುಖದಲ್ಲಿ ಬಣ್ಣ ಬಂದದ್ದು ಕಂಡು, ಡ್ಯೂಟಿ ಮುಗಿಸಿ ಬರುವಾಗ ಬೆಣ್ಣೆ ಬಿಸ್ಕತ್ತು ತರತೊಡಗಿದ. ಅವನು ಹಿರಿಯೂರಿನಿಂದ ಹುಳಿಯಾರಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರು.

ಮನೆಯಲ್ಲಿ ಮೊದಲು ಕೆಟ್ಟದ್ದು ಊಟದ ಹೊತ್ತು. ಕೃಷ್ಣ ಉಣ್ಣದೆ ಯಾರಿಗೂ ಎಲೆ ಹಾಕುವಂತಿಲ್ಲ ಎಂದಳು ಅನುಪಮಾ. ಆಮೇಲೆ ಈರುಳ್ಳಿ ಹೋಯಿತು. ಅದರ ಹಿಂದೆಯೇ ಬೆಳ್ಳುಳ್ಳಿ ಹೋಯಿತು. ಮೂಡಲಗಿರಿಯಪ್ಪ ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಗಿರಣಿಯಿಂದ ಒಳಗೆ ಬಂದು, ಕೈಕಾಲು ತೊಳೆದು ಕೂತರೆ ತಟ್ಟೆ ಬರುತ್ತಿರಲಿಲ್ಲ.

"ಏನೇ, ಮುದ್ದೆ ಆಗೈತೋ ಇಲ್ವೋ?"

"ಆಗೈತೆ ಕಣ್ರಿ. ಕೃಷ್ಣ ಇನ್ನೂ ಉಂಡಿಲ್ಲ."

"ಅವನು ಯಾವಾಗ ಉಣ್ತಾನೆ?"

"ಈಗಿನ್ನ ಮಲಗಿದಾನಂತೆ."

ಮೂಡಲಗಿರಿಯಪ್ಪ ಹೆಂಡತಿಯನ್ನು ನೋಡಿದ, ಕೋಣೆಯ ಬಾಗಿಲನ್ನು ನೋಡಿದ, ಎದ್ದು ಟವೆಲ್ಲು ಕೊಡವಿ ಹೋಟೆಲಿಗೆ ಹೋದ. ಬೆಳ್ಳುಳ್ಳಿ ಕಾರ ಇಲ್ಲದೆ ಮುದ್ದೆ ಗಂಟಲಲ್ಲಿ ಇಳಿಯದ ಮನುಷ್ಯ ಅವನು.

ಮಾರುತಿಗೂ ತಾಳ್ಮೆ ಬಹಳ ದಿನ ಬಾಳಲಿಲ್ಲ. ಬೆಳಗಿನ ಬಸ್ಸಿಗೆ ಹೊರಡುವವನು. ಡಬ್ಬಿ ಕಟ್ಟಿರುವುದಿಲ್ಲ, ಒಲೆಯ ಮೇಲೆ ಕೃಷ್ಣನ ಹಾಲು.

"ನಂದು ಡ್ಯೂಟಿ ಕಣೆ ಅನು. ಡ್ರೈವರ್ ಹಾರ್ನ್ ಹೊಡ್ಕಂಡು ನಿಂತಿರ್ತಾನೆ. ಮೊದ್ಲು ನಂಗೊಂದು ಚಿತ್ರಾನ್ನ ಕಲಸಿಕೊಟ್ಟು ಆಮೇಲೆ ಅವನಿಗೆ ಹಾಲು ಕಾಯಿಸು."

"ನೀವು ಹೊರಗೆ ಏನಾದ್ರೂ ತಿಂತೀರ. ಅವನು ಯಾರ್ನ ಕೇಳ್ತಾನೆ?"

"ಅಮ್ಮ, ನೀನಾದ್ರೂ ಹೇಳಮ್ಮ."

ಹುಲಿಗೆಮ್ಮ ಹೇಳಲಿಲ್ಲ. ತಾನೇ ಎದ್ದು ಚಿತ್ರಾನ್ನ ಕಲಸಿದಳು. ಮಂಡಿ ನೋವು, ಬೆಳಗಿನ ಚಳಿ, ಆದರೂ ಮಾಡಿದಳು. ಮಾತಾಡಿದರೆ ಸೊಸೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ ಎಂಬ ಅಂಜಿಕೆ ಅವಳಿಗೆ.

ದೀಪಾವಳಿ ಮುಗಿಯುತ್ತಿದ್ದಂತೆ ಮಗಳು ಶಾಂತಿ ಹೆರಿಗೆಗೆ ಬಂದಳು. ಅವಳನ್ನು ಕೊಟ್ಟಿದ್ದು ಹೊಸದುರ್ಗಕ್ಕೆ; ಗಂಡ ವಿನೋದನದು ಮೊಬೈಲ್ ಅಂಗಡಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಬೇಡ ಎನ್ನುವ ಮಾತೇ ಇಲ್ಲ. ಆದರೆ ಆ ಮನೆಯಲ್ಲಿ ನಡುಮನೆ, ಅಡುಗೆಮನೆ ಬಿಟ್ಟರೆ ಇದ್ದದ್ದು ಒಂದೇ ಕೋಣೆ. ಬಾಣಂತಿಗೆ ಬಾಗಿಲಿರುವ ಕೋಣೆ ಬೇಕು, ಬೆಚ್ಚಗಿರಬೇಕು.

ಮೂಡಲಗಿರಿಯಪ್ಪನೇ ಮಾತೆತ್ತಿದ. "ನೋಡಮ್ಮ ಅನುಪಮಾ, ನಿನ್ನ ಸಿಂಹಾಸನ ಎತ್ತಿ ನಡುಮನೆ ದೇವರ ಗೂಡಿಗೆ ಇಡು. ದೇವ್ರು ದೇವ್ರ ಹತ್ರಾನೇ ಇರ್ಲಿ."

"ಗೂಡಲ್ಲಿ ಹಿಡಿಯಲ್ಲ ಮಾವ."

"ಹಂಗಾರೆ ಸಿಂಹಾಸನ ಅಟ್ಟಕ್ಕಿಡು. ಅವನೊಬ್ಬನ್ನ ಗೂಡಿಗೆ ಕೂರ್ಸು."

"ಬರೀ ಕಲ್ಲ ಮೇಲಾ? ಈ ಚಳೀಲಿ?"

ಸಂಜೆಯ ಹೊತ್ತಿಗೆ ಅನುಪಮಾ ತಾನೇ ಸಿಂಹಾಸನವನ್ನು ಎತ್ತಿ ಅಡುಗೆಮನೆಯ ಮೂಲೆಗೆ, ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಳು. ಚಾಪೆಯನ್ನೂ ಅಲ್ಲಿಗೇ ತಂದುಕೊಂಡಿದ್ದಳು. ಮಾರುತಿ ಗಿರಣಿಯಲ್ಲಿ ಮೂಟೆಗಳ ಪಕ್ಕ ಮಲಗತೊಡಗಿದ.

ಶಾಂತಿ, ಅನುಪಮಾ ಮೊದಲು ಗೆಳತಿಯರ ಹಾಗಿದ್ದವರು. ಒಂದೇ ಬಳೆ ಡಬ್ಬಿಯಲ್ಲಿ ಕೈ ಹಾಕುತ್ತಿದ್ದರು. ಈಗ ಶಾಂತಿ ನಡುಮನೆಯಲ್ಲಿ ಕೂತರೆ ಅನುಪಮಾ ಹಿತ್ತಿಲಿಗೆ ಹೋಗುತ್ತಿದ್ದಳು. ಶಾಂತಿಗೆ ಹಸಿ ಈರುಳ್ಳಿ ಬೇಕು, ಮೀನು ಬೇಕು. ಬಸುರಿ ಕೇಳಿದ್ದನ್ನು ಇಲ್ಲ ಅನ್ನಬಾರದು ಎಂದು ಹುಲಿಗೆಮ್ಮ ಹಿತ್ತಿಲಲ್ಲಿ ಬೇರೆ ಒಲೆ ಹೂಡಿದಳು. ಒಂದು ಮನೆಗೆ ಎರಡು ಅಡುಗೆ. ಇತ್ತ ಬೆಣ್ಣೆ ಕಾಸುವ ಘಮ, ಅತ್ತ ಮೀನು ಸಾರಿನ ವಾಸನೆ, ನಡುವೆ ಹುಲಿಗೆಮ್ಮನ ಓಡಾಟ.

"ಅತ್ತಿಗೆ ನನ್ನ ಹೊಟ್ಟೆ ಕಡೆ ನೋಡಾದೇ ಇಲ್ಲಮ್ಮ" ಎಂದಳು ಶಾಂತಿ ಒಂದು ದಿನ, ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ. "ಬೈದ್ರೂ ಪರವಾಗಿಲ್ಲ. ಹಿಂಗೆ ಮುಖ ತಿರುಗಿಸ್ಕಂಡು ಹೋದ್ರೆ ನಂಗೆ ಭಯ ಆಗ್ತೈತೆ."

"ಭಯ ಯಾಕೆ? ಅವಳೇನು ಮಾಡ್ತಾಳೆ ಪಾಪ."

"ಆ ಕೃಷ್ಣಂಗೆ ಮಗು ಥರ ಟೋಪಿ ಹಾಕಿ ತಟ್ಟಿ ಮಲಗಿಸ್ತಾಳೆ. ನಮ್ಮತ್ತೆ ಬಂದಾಗ ನೋಡಿ ಏನಂದ್ರು ಗೊತ್ತಾ? ಇಂಥ ಮನೇಲಿ ಬಾಣಂತನ ಆಗಾದು ಬ್ಯಾಡ, ಹೊಸದುರ್ಗಕ್ಕೇ ಬಾ ಅಂದ್ರು."

ಹುಲಿಗೆಮ್ಮನ ಕೈ ನಿಂತಿತು. ಮಗಳ ಬಾಣಂತನ ಮಾಡಲಾರದ ತವರು ಎಂದು ಬೀಗರು ಊರೆಲ್ಲ ಆಡಿದರೆ ತಲೆ ಎತ್ತುವುದು ಹೇಗೆ? "ಹೆರಿಗೆ ಹೊತ್ತಿಗೆ ಅದನ್ನ ಮನೆಯಿಂದಾಚೆ ಕಳಿಸ್ತೀನಿ, ನೀನು ಸುಮ್ಕಿರು" ಎಂದುಬಿಟ್ಟಳು.

ಅದಕ್ಕೆ ಅವಳ ಕೈಯಲ್ಲಿ ಒಂದು ಕಾರಣವೂ ಇತ್ತು. ಹಸುಗೂಸು ಬಂದ ಮನೆಗೆ ಪುರುಡು, ಅಂದರೆ ಹೆರಿಗೆಯ ಸೂತಕ. ಅದು ಕಳೆಯುವ ತನಕ ದೀಪ ಹಚ್ಚುವಂತಿಲ್ಲ, ದೇವರಿಗೆ ಎಡೆ ಇಡುವಂತಿಲ್ಲ. ತೊಟ್ಟಿಲಿಗೆ ಹಾಕುವ ದಿನ ಮನೆ ಸಾರಿಸಿ, ತಲೆಗೆ ನೀರು ಹಾಕಿಕೊಂಡು, ಆಮೇಲೆ ಪೂಜೆ. ಇದನ್ನು ಸೊಸೆಗೆ ಹೇಳಲು ಹುಲಿಗೆಮ್ಮ ಸೊಪ್ಪು ಬಿಡಿಸುವ ನೆಪದಲ್ಲಿ ಅವಳ ಪಕ್ಕ ಕೂತಳು.

"ಅನು, ಪುರುಡು ಬಂದ್ರೆ ಕೃಷ್ಣನ್ನ ಮನೇಲಿ ಇಡಂಗಿಲ್ಲ ಕಣಮ್ಮ. ಚಂದ್ರಕ್ಕನ ಮನೇಲಿ ಇಟ್ಟಿರಾಣ. ತೊಟ್ಲು ಆದ್ಮೇಲೆ ತರಾಣ."

"ಅಲ್ಲಿ ಯಾರು ಹಾಲು ಕೊಡ್ತಾರೆ?"

"ದೇವ್ರಿಗೆ ಎಂಥ ಹಸಿವೇ? ನಮ್ಮ ಗೂಡಿನ ದೇವ್ರೆಲ್ಲ ಸುಮ್ನಿರಲ್ವಾ?"

ಅನುಪಮಾ ಸೊಪ್ಪಿನ ಕಡ್ಡಿಯನ್ನು ಕೆಳಗಿಟ್ಟಳು. "ನಿಮ್ಮ ಮೊಮ್ಮಗು ಹುಟ್ಟಿದ್ರೆ ನನ್ನ ಮಗ ಯಾಕೆ ಉಪವಾಸ ಇರ್ಬೇಕು?"

ನನ್ನ ಮಗ. ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಹುಲಿಗೆಮ್ಮನ ಹೆದರಿಕೆಗೆ ಸಿಟ್ಟು ಸೇರಿಕೊಂಡಿತು.

"ಅದು ಹಿತ್ತಾಳೆ ಕಣೇ! ಮಗ ಅಂತೆ ಮಗ! ದುರ್ಗದ ಅಂಗಡೀಲಿ ತೂಕ ಹಾಕಿಸಿ ತಂದಿದ್ದೀನಿ ನಾನು!"

"ತಂದು ನನ್ನ ಮಡಿಲಿಗೆ ಹಾಕಿದ್ದೂ ನೀವೇ" ಎಂದಳು ಅನುಪಮಾ. ದನಿ ಏರಲಿಲ್ಲ. "ಅವತ್ತು ಅವನನ್ನ ನನಗೆ ತೋರಿಸ್ಲಿಲ್ಲ. ಈಗ ಇವನನ್ನೂ ಕಣ್ಮರೆ ಮಾಡ್ತೀರ."

ಹುಲಿಗೆಮ್ಮ ಬಿಡಿಸಿದ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಆ ಮಧ್ಯಾಹ್ನ ಆ ಮನೆಯಲ್ಲಿ ಯಾವ ಒಲೆಯೂ ಉರಿಯಲಿಲ್ಲ.

ಶಾಂತಿಗೆ ಗಂಡುಮಗುವಾಯಿತು. ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬರುವ ಬೆಳಗ್ಗೆ, ಅನುಪಮಾ ಬಚ್ಚಲಲ್ಲಿದ್ದಾಗ, ಹುಲಿಗೆಮ್ಮ ಕೃಷ್ಣನನ್ನು ಟವೆಲ್ಲಿನಲ್ಲಿ ಸುತ್ತಿ ಚಂದ್ರಕ್ಕನ ಮನೆಗೆ ಕೊಟ್ಟು ಬಂದಳು. ಸಿಂಹಾಸನವನ್ನು ಹೊರುವಷ್ಟು ಹೊತ್ತಿರಲಿಲ್ಲ. ಅದು ಅಕ್ಕಿ ಡಬ್ಬದ ಮೇಲೇ ಉಳಿಯಿತು.

ಒದ್ದೆ ತಲೆಯಲ್ಲಿ ಬಂದ ಅನುಪಮಾ ಅದನ್ನು ನೋಡಿದಳು. ಕೂಗಾಡಲಿಲ್ಲ. ಹಾಲು ಕಾಯಿಸಿ, ಆರಿಸಿ, ಪುಟ್ಟ ಬಟ್ಟಲಲ್ಲಿ ಹಾಕಿಕೊಂಡು ಚಂದ್ರಕ್ಕನ ಬಾಗಿಲಿಗೆ ಹೋದಳು.

"ಒಳಗೆ ಬರ್ಬ್ಯಾಡ ಕಣಮ್ಮ, ನಿಂಗೂ ಪುರುಡು ಐತೆ" ಎಂದಳು ಚಂದ್ರಕ್ಕ, ಸಂಕಟ ಪಡುತ್ತ. "ಬಟ್ಲು ಕೊಡು, ನಾನೇ ಮುಂದಿಡ್ತೀನಿ."

"ಪುರುಡಿನ ಮನೆ ಹಾಲು ನೀವು ಇಡಲ್ಲ ಅಂತ ನಂಗೆ ಗೊತ್ತು ಚಂದ್ರಕ್ಕ."

ಅನುಪಮಾ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಕೂತಳು. ಬಿಸಿಲೇರಿತು, ಹಾಲು ಕೆನೆಗಟ್ಟಿತು. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು, ಉತ್ತರ ಬರದೆ ಮುಂದಕ್ಕೆ ಹೋದರು. ಮಾರನೆಯ ದಿನವೂ ಹಾಗೆಯೇ ಕೂತಳು. ಅದರ ಮಾರನೆಯ ದಿನವೂ. ಯಾರೋ ಮೊಬೈಲಿನಲ್ಲಿ ಅವಳ ವಿಡಿಯೊ ಹಿಡಿದರು. ಅದು ಬಸ್ ಡಿಪೋದವರೆಗೂ ಹೋಯಿತು.

ಮಾರುತಿ ಡ್ಯೂಟಿಯ ನಡುವೆಯೇ ಖಾಕಿ ಬಟ್ಟೆಯಲ್ಲಿ ಬಂದ. ಬೀದಿಯವರೆಲ್ಲ ನೋಡುತ್ತಿದ್ದಂತೆ ಹೆಂಡತಿಯನ್ನು ದಾಟಿ ಚಂದ್ರಕ್ಕನ ಮನೆಯೊಳಗೆ ಹೋಗಿ, ಶೋಕೇಸಿನಲ್ಲಿದ್ದ ಕೃಷ್ಣನನ್ನು ತೆಗೆದುಕೊಂಡು ಚರ್ಮದ ಬ್ಯಾಗಿಗೆ ಹಾಕಿದ.

"ಎಲ್ಲಿಗೋ ಮಾರುತಿ?" ಎಂದು ಹುಲಿಗೆಮ್ಮ ಹಿಂದೆಯೇ ಓಡಿದಳು.

"ನೀನು ಸುಮ್ನಿರಮ್ಮ. ನೀನು ಮಾಡಿದ್ದು ಸಾಕು." ಬೈಕು ಒದ್ದು ಹೊರಟುಹೋದ.

ಅವನು ಮರಳಿ ಬಂದಾಗ ದೀಪ ಹಚ್ಚುವ ಹೊತ್ತು. ಆ ಮನೆಯಲ್ಲಿ ದೀಪ ಇರಲಿಲ್ಲ. ಅನುಪಮಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಮಾರಿಕಣಿವೆ ನೀರಿಗೆ ಬಿಟ್ಟು ಬಂದೆ" ಎಂದ ಮಾರುತಿ. ಯಾರನ್ನೂ ನೋಡದೆ, ಗೋಡೆಗೆ ಹೇಳಿದ ಹಾಗೆ.

ಹುಲಿಗೆಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆ ವರ್ಷ ಕಣಿವೆ ಕೆರೆ ತುಂಬಿ ಕೋಡಿಯವರೆಗೂ ನೀರು ನಿಂತಿತ್ತು.

ಅನುಪಮಾಳ ಬೆರಳು ಅಕ್ಕಿಯಲ್ಲಿ ಹಾಗೇ ಇತ್ತು. "ಟೋಪಿ ತೆಗ್ದ್ರಾ?" ಎಂದಳು.

"ಏನು?"

"ಉಣ್ಣೆ ಟೋಪಿ ಇತ್ತಲ್ಲ. ನೆಂದ್ರೆ ಭಾರ ಆಗುತ್ತೆ."

ಮಾರುತಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿ ತಿರುಗಿಸಿದ ಸದ್ದು ಬಹಳ ಹೊತ್ತು ಕೇಳಿತು. ಅದರ ಹಿಂದೆ ಅವನು ಅಳುವುದೂ ಕೇಳಿತು. ಅನುಪಮಾ ಕಲ್ಲು ಆರಿಸಿ ಮುಗಿಸಿ, ಅಕ್ಕಿ ತೊಳೆದು ಒಲೆಗಿಟ್ಟಳು.

ಅಂದಿನಿಂದ ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಆಗತೊಡಗಿತು. ಅನುಪಮಾ ತಾನೇ ಬೆಳ್ಳುಳ್ಳಿ ಸುಲಿದು ಬಾಣಂತಿಗೆ ಕಾರ ಅರೆದಳು, ಸಬ್ಬಸಿಗೆ ಪಲ್ಯ ಮಾಡಿದಳು, ತುಪ್ಪ ಕಾಯಿಸಿದಳು. ಮಗುವಿನ ಬಟ್ಟೆ ಒಗೆದಳು. ಕೋಣೆಯೊಳಗೆ ಮಾತ್ರ ಕಾಲಿಡಲಿಲ್ಲ. ಎಲ್ಲವನ್ನೂ ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದಳು. "ಸರಿ ಹೋಯ್ತಲ್ಲ" ಎಂದ ಮೂಡಲಗಿರಿಯಪ್ಪ ಕೈ ತೊಳೆಯುತ್ತ. ಹುಲಿಗೆಮ್ಮನಿಗೆ ಹಾಗೆನ್ನಿಸಲಿಲ್ಲ. ಸೊಸೆ ಉಣ್ಣುವಾಗ ತುತ್ತನ್ನು ಅಗಿಯದೆ ನುಂಗುವುದನ್ನು ಅವಳು ನೋಡಿದ್ದಳು. ಉಪ್ಪಿಲ್ಲದ ಸಾರನ್ನೂ ಹಾಗೇ ಉಂಡು ಎದ್ದಿದ್ದಳು.

ತೊಟ್ಟಿಲ ಶಾಸ್ತ್ರಕ್ಕೆ ಹೊಸದುರ್ಗದ ಬೀಗರು ಒಂದು ಟೆಂಪೊ ತುಂಬ ಬಂದರು. ಒಬ್ಬಟ್ಟು, ಕೋಸಂಬರಿ, ಪಾಯಸ. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ವಿನೋದನ ತಂಗಿ ಕಾಲೇಜು ಹುಡುಗಿ. ನೀರು ಕುಡಿಯಲು ಅಡುಗೆಮನೆಗೆ ಹೋದವಳು ಸಿಂಹಾಸನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು.

"ಅತ್ತಿಗೆ, ಎಷ್ಟು ಚೆನ್ನಾಗೈತೆ ನೋಡ್ರಿ! ಪಾಪುಗೆ ಕೃಷ್ಣನ ಥರ ಅಲಂಕಾರ ಮಾಡಿ ಇದ್ರಲ್ಲಿ ಕೂರ್ಸಿ ಫೋಟೋ ತೆಗೆಯಾಣ!"

ಹುಲಿಗೆಮ್ಮ ಬೇಡ ಅನ್ನಬೇಕು ಅಂದುಕೊಂಡಳು. ಅಷ್ಟರಲ್ಲಿ ಬೀಗತಿ, "ಲಕ್ಷಣವಾಗೈತೆ, ತೆಗೀರಿ" ಎಂದಾಗಿತ್ತು. ಬೀಗತಿಯ ಮಾತಿಗೆ ಅಡ್ಡ ಹೇಳುವ ದಿನವಲ್ಲ ಅದು. ಮಗುವಿನ ಹಣೆಗೆ ನಾಮ ಬರೆದರು, ತಲೆಗೆ ಹಳದಿ ಪಟ್ಟಿ ಕಟ್ಟಿ ನವಿಲುಗರಿ ಸಿಕ್ಕಿಸಿದರು. ಕೆಂಪು ಮಖಮಲ್ಲಿನ ಮೇಲೆ ಒರಗಿಸಿದರು. ಎಲ್ಲರೂ ಮೊಬೈಲು ಹಿಡಿದು ಮುಂದೆ ಬಗ್ಗಿದರು, ಶಾಂತಿಯೂ ಸಹ. ಎಳೆಯ ಕತ್ತು; ಮಗು ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಫೋಟೋ ನೋಡುತ್ತಿದ್ದವರಿಗೆ ಅದು ಕಾಣಲಿಲ್ಲ.

ಅನುಪಮಾ ಅಡುಗೆಮನೆಯ ಬಾಗಿಲಿನಿಂದ ಸರಸರನೆ ಬಂದು ಮಂಡಿಯೂರಿದಳು. "ಕತ್ತು ಜಾರ್ತಾ ಇದೆ" ಎಂದು, ಒಂದು ಕೈಯನ್ನು ಮಗುವಿನ ಕತ್ತಿನ ಕೆಳಗೆ ತೂರಿಸಿ, ಇನ್ನೊಂದು ಕೈಯಿಂದ ಪುಟ್ಟ ದಿಂಬನ್ನು ಸರಿಮಾಡಿದಳು. ಮಗು ಅವಳ ಬೆರಳು ಹಿಡಿಯಿತು. ಅವಳು ಅದರ ಮುಖವನ್ನು ನೋಡಿದಳು. ಮಗು ಹುಟ್ಟಿದ ಮೇಲೆ ಮೊದಲ ಸಲ, ನೇರವಾಗಿ, ಕಣ್ಣು ತೆಗೆಯದೆ. ಅವಳ ತುಟಿ ಅಲುಗಿತು. ಏನೋ ಹೇಳುತ್ತಾಳೆ ಅನ್ನಿಸಿತು ಹುಲಿಗೆಮ್ಮನಿಗೆ. ಅಳುತ್ತಾಳೆ, ಅಳಲಿ, ಒಂದು ಸಲ ಗಟ್ಟಿಯಾಗಿ ಅತ್ತುಬಿಡಲಿ ಅನ್ನಿಸಿತು.

"ಬಿಡಿ!" ಎಂದು ಕಿರುಚಿದಳು ಶಾಂತಿ. ಮಗುವನ್ನು ಕಿತ್ತುಕೊಂಡಳು. ನವಿಲುಗರಿ ಮುರಿಯಿತು, ಮಗು ಚೀರಿತು. "ಅಮ್ಮ, ಮುಟ್ಟಿದ್ರು ನೋಡಮ್ಮ! ನಾನು ಹೇಳಿರ್ಲಿಲ್ವಾ?"

ಬೀಗತಿ ಕುರ್ಚಿಯಿಂದ ಎದ್ದಳು. "ಏನ್ರಿ ಹುಲಿಗೆಮ್ಮನವರೇ, ಶುಭದ ದಿನ ಇದೇನು? ಒಂದು ಸ್ವಲ್ಪ ಹಿಂದು ಮುಂದು ನೋಡ್ಬ್ಯಾಡ್ವಾ?"

ಸೊಸೆ ಮಂಡಿಯೂರಿದ ಹಾಗೇ ಇದ್ದಳು. ಕತ್ತು ಹಿಡಿದಿದ್ದ ಕೈ ಇನ್ನೂ ಗಾಳಿಯಲ್ಲಿ ಹಾಗೇ ಇತ್ತು. ಅವಳು ತಲೆ ಎತ್ತಿ ಹುಲಿಗೆಮ್ಮನನ್ನು ನೋಡಿದಳು. ಮಗುವಿನ ಕತ್ತು ಜಾರಿದ್ದನ್ನು ಹುಲಿಗೆಮ್ಮನೂ ಕಂಡಿದ್ದಳು. ಅಷ್ಟು ಹೇಳಿದ್ದರೆ ಸಾಕಿತ್ತು.

"ಅನುಪಮಾ, ನೀನು ಒಳಗೆ ಹೋಗಮ್ಮ" ಎಂದಳು ಹುಲಿಗೆಮ್ಮ.

ಅನುಪಮಾ ಒಳಗೆ ಹೋದಳು. ಒಬ್ಬಟ್ಟಿಗೆ ತುಪ್ಪ ಬಡಿಸಲೂ ಹೊರಗೆ ಬರಲಿಲ್ಲ. ಮಾರನೆಯ ಬೆಳಗ್ಗೆ ಒಂದು ಬಟ್ಟೆ ಬ್ಯಾಗು ಹಿಡಿದು ಯಲ್ಲದಕೆರೆಗೆ, ಅಣ್ಣನ ಮನೆಗೆ ಹೊರಟಳು. ಗಂಡನ ಬಸ್ಸಿಗೆ ಕಾಯದೆ ಬೇರೆ ಬಸ್ಸು ಹತ್ತಿದಳು. "ನಾಲ್ಕು ದಿನ ಇದ್ದು ಬರ್ಲಿ ಬಿಡು" ಎಂದ ಮೂಡಲಗಿರಿಯಪ್ಪ.

ನಾಲ್ಕು ದಿನ ಹೋಯಿತು, ಸಂಕ್ರಾಂತಿಯೂ ಹೋಯಿತು. ಫೋನ್ ಮಾಡಿದರೆ ಅಣ್ಣ ಹನುಮಂತರಾಜು ಎತ್ತಿ, "ಅವಳು ಹೊಲದಾಗೆ ಅವಳೆ" ಎನ್ನುತ್ತಿದ್ದ. ಇತ್ತ ನೆಂಟರಿಷ್ಟರು ಮೂಡಲಗಿರಿಯಪ್ಪನ ಕಿವಿಯಲ್ಲಿ ಊದತೊಡಗಿದರು: ಮಾರುತಿಗೆ ಇನ್ನೂ ವಯಸ್ಸೈತೆ, ಆ ಹುಡುಗಿಗೆ ಇನ್ನು ಮಕ್ಕಳಾಗಲ್ಲ, ಯೋಚನೆ ಮಾಡ್ರಿ. ಮಾರುತಿ ಅದನ್ನು ಕೇಳಿಸಿಕೊಂಡು ತಟ್ಟೆ ಬಿಟ್ಟು ಎದ್ದ. ಬೈಯಲಿಲ್ಲ, ಒಪ್ಪಲೂ ಇಲ್ಲ.

ಕೊನೆಗೆ ಹುಲಿಗೆಮ್ಮ ಬಾಣಂತಿಯನ್ನು ಚಂದ್ರಕ್ಕನಿಗೆ ಒಪ್ಪಿಸಿ, ಮಗನ ಬಸ್ಸಲ್ಲೇ ಯಲ್ಲದಕೆರೆಗೆ ಹೋದಳು. ರಸ್ತೆ ಪಕ್ಕದ ಕಣದಲ್ಲಿ ಅನುಪಮಾ ಕೂಲಿ ಹೆಂಗಸರ ಜೊತೆ ತೊಗರಿ ಬಡಿಯುತ್ತಿದ್ದಳು. ಕಪ್ಪಾಗಿದ್ದಳು. ತಲೆಗೆ ಟವೆಲ್ಲು ಕಟ್ಟಿದ್ದಳು. ಅತ್ತೆಯನ್ನು ಕಂಡು ಕೋಲು ಕೆಳಗಿಟ್ಟು, "ಬರ್ರಿ ಅತ್ತೆ, ಕುಂತ್ಕಳ್ರಿ" ಎಂದು ಬೇವಿನ ನೆರಳಲ್ಲಿ ಗೋಣಿ ಹಾಸಿದಳು. ನೀರು ಕೊಟ್ಟಳು.

"ತಪ್ಪಾಯ್ತು ಕಣೇ" ಎಂದಳು ಹುಲಿಗೆಮ್ಮ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅಷ್ಟಕ್ಕೇ ಬಂದು ನಿಂತವು. "ಅವತ್ತು ನಾನು ಬಾಯಿ ಬಿಡ್ಬೇಕಾಗಿತ್ತು. ಬಾ, ಮನೆಗೆ ಹೋಗಾಣ."

"ಬರಲ್ಲ ಅತ್ತೆ."

"ಸಿಟ್ಟಿದ್ರೆ ಬೈದುಬಿಡು. ಎರಡೇಟು ಬೇಕಾದ್ರೂ ಹೊಡಿ."

"ಸಿಟ್ಟಿಲ್ಲ. ಸಿಟ್ಟಿದ್ದಿದ್ರೆ ಬಂದು ಜಗಳ ಆಡ್ತಿದ್ದೆ ಅನ್ಸುತ್ತೆ." ಕಾಲಿಗೆ ಅಂಟಿದ್ದ ತೊಗರಿ ಹೊಟ್ಟನ್ನು ಒರೆಸಿಕೊಂಡಳು. "ಇಲ್ಲಿ ಯಾರೂ ನನ್ನ ಏನೂ ಕೇಳಲ್ಲ. ಕೆಲಸ ಹೇಳ್ತಾರೆ, ಮಾಡ್ತೀನಿ. ಬೆಳಗಾಗುತ್ತೆ, ಸಂಜೆ ಆಗುತ್ತೆ."

"ಮಾರುತಿಗೆ ಏನು ಹೇಳ್ಲಿ?"

"ಬೇರೆ ಮದುವೆ ಮಾಡ್ರಿ. ಎಲ್ಲಿ ಸಹಿ ಹಾಕು ಅಂದ್ರೆ ಹಾಕ್ತೀನಿ."

ಹುಲಿಗೆಮ್ಮ ಅವಳ ಕೈ ಹಿಡಿದುಕೊಂಡಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅನುಪಮಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಅಷ್ಟರಲ್ಲಿ ಹನುಮಂತರಾಜುವಿನ ಹೆಂಡತಿ ಕುಕ್ಕೆಯಲ್ಲಿ ಬುತ್ತಿ ತಂದಳು. ಕೂಲಿಯವರೆಲ್ಲ ಸಾಲಾಗಿ ಕೂತರು. ಅನುಪಮಾ ಅವರ ಸಾಲಿನ ಕೊನೆಗೆ ಹೋಗಿ ಕೂತು ತಟ್ಟೆ ಒಡ್ಡಿದಳು. ಹುಲಿಗೆಮ್ಮನಿಗೂ ಮುದ್ದೆ ಬಂತು. ಅವಳು ಎರಡು ತುತ್ತು ನುಂಗಿ ಕೈ ತೊಳೆದಳು.

ಹುಳಿಯಾರಿನಿಂದ ಮಗನ ಬಸ್ಸು ಬಂದಾಗ ಊರಿನ ಸ್ಟಾಪಿನಲ್ಲಿ ನಿಂತು ಕೈ ಮಾಡಿದಳು. ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್. ಮಾರುತಿ ಮಿಷನ್ನಿನಿಂದ ಹರಿದು ಅವಳ ಕೈಗಿಟ್ಟ. ಏನಂದಳು ಎಂದು ಕೇಳಲಿಲ್ಲ. ಪಕ್ಕದ ಕಂಬ ಹಿಡಿದು ನಿಂತೇ ಇದ್ದ.

ಬಸ್ಸು ಊರು ದಾಟಿ ಕಣದ ಹತ್ತಿರ ಬರುತ್ತಿದ್ದಂತೆ ಡ್ರೈವರು ಎರಡು ಸಲ ಹಾರ್ನ್ ಹೊಡೆದ. ತೊಗರಿ ಬಡಿಯುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ತಲೆ ಎತ್ತಿದರು. ಅನುಪಮಾಳ ಕೋಲು ಮೇಲೆದ್ದು ಕೆಳಗೆ ಬಿತ್ತು, ಮತ್ತೆ ಮೇಲೆದ್ದಿತು.

"ಹೋಗ್ತಾ ಬರ್ತಾ ಹೊಡೀತಾನೆ" ಎಂದ ಮಾರುತಿ. "ಬ್ಯಾಡ ಕಣಣ್ಣ ಅಂದ್ರೂ ಕೇಳಲ್ಲ."

ಹುಲಿಗೆಮ್ಮ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಬ್ಯಾಗನ್ನು ಹೆಗಲಿಗೆ ಸರಿಸಿಕೊಂಡು, "ಯಾರ್ರಿ ಟಿಕೆಟ್, ಟಿಕೆಟ್ ತಗಳ್ರಿ" ಎನ್ನುತ್ತ ಜನರ ನಡುವೆ ನುಗ್ಗಿ ಹಿಂದಿನ ಸೀಟುಗಳ ಕಡೆ ಹೋಗಿದ್ದ.